ಸತ್ಯಾಂಶ: ಕಪ್ಪು ಬಣ್ಣ ಬಳಿದರೆ ಖಿನ್ನತೆಯೆ?

‘ಹದಿಹರೆಯದವರು ಕಪ್ಪು ಬಣ್ಣವನ್ನೇ ಬಳಿದರೆ ಖಿನ್ನತೆ, ಕೈಗಳಿಲ್ಲದ ಮನುಷ್ಯನನ್ನು ಬಿಡಿಸಿದರೆ ದೌರ್ಜನ್ಯ ನಡೆದಿದೆ ಎಂದರ್ಥ; ಕಲಾ ಶಿಬಿರಕ್ಕೆ ಕಳಿಸಿ ಪತ್ತೆ ಮಾಡಿಸಿ’ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ.

ಒಂದು ಚಿತ್ರ, ಒಂದು ಬಣ್ಣ ನೋಡಿ ಕಾಯಿಲೆ ಗುರುತಿಸಲು ಬರುವುದಿಲ್ಲ. ಕಪ್ಪು ಬಳಿದ ಹುಡುಗಿಗೆ ಇದ್ದಿಲಿನ ಗೆರೆಯೇ ಇಷ್ಟವಿರಬಹುದು.

ಶಿಬಿರದ ಕೆಲಸವೇ ಬೇರೆ. ಬ್ರೆಜಿಲಿನ ರಂಗಕರ್ಮಿ ಆಗಸ್ಟೋ ಬೋಲ್ 1970ರ ದಶಕದಲ್ಲಿ ರೂಪಿಸಿದ ‘ಫೋರಂ ಥಿಯೇಟರ್’ ಎಂಬ ನಾಟಕ ಪದ್ಧತಿ ನೋಡಿ. ಹದಿನಾರರ ಹುಡುಗಿಗೆ ಮನೆಯವರು ಮದುವೆ ಗೊತ್ತುಮಾಡುವ ದೃಶ್ಯವನ್ನು ಶಿಬಿರದಲ್ಲಿ ಮಕ್ಕಳು ಆಡುತ್ತಾರೆ ಎನ್ನಿ. ನೋಡುತ್ತ ಕೂತವಳೊಬ್ಬಳು ‘ನಿಲ್ಲಿಸಿ’ ಎಂದು ಎದ್ದು ಆ ಪಾತ್ರಕ್ಕೆ ತಾನೇ ಇಳಿಯುತ್ತಾಳೆ. ಅಪ್ಪನಿಗೆ ಏನು ಹೇಳಬಹುದು, ಯಾವ ಟೀಚರ್ ಹತ್ತಿರ ಹೋಗಬಹುದು ಎಂದು ಆಡಿ ನೋಡುತ್ತಾಳೆ. ಅವಳಿಗೆ ಆಗದಿದ್ದರೆ ಇನ್ನೊಬ್ಬಳು ಬರುತ್ತಾಳೆ. ‘ನನಗೆ ಹೀಗಾಯಿತು’ ಎನ್ನಲು ಬಾಯಿ ಬಾರದ ಮಗುವಿಗೂ ಪಾತ್ರದ ಮರೆಯಲ್ಲಿ ಮಾತು ಸಿಗಬಹುದು. ನನಗೆ ಬಹಳ ಅಮೂಲ್ಯ ಅನ್ನಿಸುವುದು ಇದೇ. ಮನೆಯಲ್ಲೂ ಚಿತ್ರಕ್ಕೆ ತೀರ್ಪು ಕೊಡಬೇಡಿ, ‘ಇದರ ಬಗ್ಗೆ ಹೇಳ್ತೀಯಾ?’ ಎಂದು ಕೇಳಿ.

ಆದರೆ ಶಿಬಿರ ಚಿಕಿತ್ಸೆಗೆ ಬದಲಿಯಾಗದು. ಮಗು ವಾರಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ, ದೌರ್ಜನ್ಯದ ಸುಳಿವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಎರಡೂ ಉಚಿತ.