ಕುದುರೆಯ ಎತ್ತರ ನೋಡಿ ಗೊರಸಿನ ಬೂಟು ಕೊಳ್ಳಬಹುದೇ? ಸತ್ಯಾಂಶ ಇಲ್ಲಿದೆ

ಬೆಂಗಳೂರಿನಲ್ಲಿ ಪುಟ್ಟ ಕುದುರೆ ಸಾಕಿರುವವರ ವಾಟ್ಸಾಪ್ ಗುಂಪುಗಳಲ್ಲಿ ಗೊರಸಿನ ಬೂಟಿನ (ಗೊರಸಿನ ರಕ್ಷಣೆಗೆ ತೊಡಿಸಿ, ಬೇಕಾದಾಗ ಬಿಚ್ಚುವ ಬೂಟು) ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ: 'ಕುದುರೆಯ ಎತ್ತರ ಹೇಳಿದರೆ ಬೂಟಿನ ಸೈಜ್ ಗೊತ್ತಾಗುತ್ತದೆ. ಗೊರಸು ಬೆಳೆಯುತ್ತದೆ, ಒಂದು ಸೈಜ್ ದೊಡ್ಡದೇ ತಗೊಳ್ಳಿ.' ಎರಡೂ ತಪ್ಪು.

ಒಂದೇ ಎತ್ತರದ ಎರಡು ಕುದುರೆಗಳ ಗೊರಸು ಬೇರೆ ಬೇರೆ ಇರುತ್ತವೆ. ಅಷ್ಟೇ ಏಕೆ, ಒಂದೇ ಕುದುರೆಯ ಮುಂಗಾಲಿನ ಗೊರಸು ಸಾಮಾನ್ಯವಾಗಿ ದುಂಡಗೆ, ಹಿಂಗಾಲಿನದು ಕೊಂಚ ಕಿರಿದು. ಅದಕ್ಕೇ ನಾಲ್ಕೂ ಕಾಲು ಅಳೆಯಬೇಕು. ಗೊರಸು ಕತ್ತರಿಸಿದ ಒಂದೆರಡು ದಿನದಲ್ಲೇ ಅಳೆಯಿರಿ. ಅಡಿಭಾಗದಲ್ಲಿ ಅತಿ ಅಗಲವಾದ ಕಡೆ ಅಗಲ, ಮುಂತುದಿಯಿಂದ ಹಿಮ್ಮಡಿಯ ಗಟ್ಟಿ ಅಂಚಿನವರೆಗೆ ಉದ್ದ. ಲೆಕ್ಕ ಮಿಲಿಮೀಟರ್‌ನಲ್ಲಿರಲಿ. ಪುಟ್ಟ ಗೊರಸಿಗೆ 5 ಮಿ.ಮೀ. ವ್ಯತ್ಯಾಸವೂ ಜಾಸ್ತಿಯೇ. ಆ ಅಳತೆಯನ್ನು ಬೂಟು ಮಾಡುವ ಕಂಪನಿಯ ಪಟ್ಟಿಯೊಂದಿಗೆ ಹೋಲಿಸಿ. ಒಂದು ಕಂಪನಿಯ ಸೈಜ್ ಇನ್ನೊಂದಕ್ಕೆ ಹೊಂದುವುದಿಲ್ಲ.

ದೊಡ್ಡ ಬೂಟು ತಿರುಚಿಕೊಳ್ಳುತ್ತದೆ. ಗಾಡಿ ಎಳೆಯುವ ಪೋನಿ ತಿರುವಿನಲ್ಲಿ ಕಾಲನ್ನು ನೆಲದ ಮೇಲೇ ತಿರುಗಿಸುತ್ತದೆ ಅಲ್ವಾ, ಆಗ ಇನ್ನೂ ಹೆಚ್ಚು. ಒಳಗೆ ಮಣ್ಣು, ಜಲ್ಲಿ ಸೇರಿ ಹಿಮ್ಮಡಿ ಉಜ್ಜಿ ಹುಣ್ಣಾಗುತ್ತದೆ. ಗೊರಸು ಬೆಳೆಯುವುದು ನಿಜ, ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಆದರೆ ಅದಕ್ಕೆ ಮದ್ದು ದೊಡ್ಡ ಬೂಟಲ್ಲ, ಸುಮಾರು 6 ವಾರಕ್ಕೊಮ್ಮೆ ಕತ್ತರಿಸುವುದು.

ಹೊಸ ಬೂಟನ್ನು ಮೊದಲ ದಿನವೇ ಟಾರ್ ರಸ್ತೆಗೆ ಇಳಿಸಬೇಡಿ. ಹತ್ತು ನಿಮಿಷ ನಡೆಸಿ, ಬಿಚ್ಚಿ, ಕೂದಲು ಉಜ್ಜಿದೆಯೇ ನೋಡಿ. ಮಳೆಗಾಲದಲ್ಲಂತೂ ಕೆಲಸ ಮುಗಿದ ಕೂಡಲೇ ತೆಗೆದು ಒಣಗಿಸಿ. ಕುದುರೆ ಕುಂಟುತ್ತಿದ್ದರೆ ಸುಮ್ನೆ ಬೂಟು ಹಾಕಿ ಓಡಿಸಬೇಡಿ, ಪಶುವೈದ್ಯರಿಗೆ ತೋರಿಸಿ.