ಹವಾಮಾನ ಬದಲಾವಣೆಗೆ ನಮ್ಮನೆ ಏಣಿ

ಕರೆಂಟ್ ಸಾಗಿಸುವ ಕಂಪನಿಯವರು ಹವಾಮಾನ ಬದಲಾವಣೆ ಎದುರಿಸಲು ಸಜ್ಜಾಗಿದ್ದಾರಂತೆ. ಪೇಪರಿನಲ್ಲಿ ನೀವೂ ನೋಡಿರ್ತೀರಿ. ನಾನು ಅರ್ಧ ಓದುವಷ್ಟರಲ್ಲಿ ಮೂಡಿಗೆರೆ ಕಡೆಯ ನಮ್ಮೂರಲ್ಲಿ ಕರೆಂಟ್ ಹೋಯ್ತು. ಉಳಿದ ಸಜ್ಜನ್ನು ಟಾರ್ಚ್ ಬೆಳಕಲ್ಲಿ ಓದಿದೆ.

ಮೊದಲು ಇಲ್ಲಿ ಕರೆಂಟ್ ಹೋಗಲು ಎರಡೇ ಕಾರಣ ಇದ್ದವು. ಒಂದು, ಮರ ಬಿದ್ದಿದೆ. ಇನ್ನೊಂದು, ಮರ ಬೀಳೋ ಹಾಗಿದೆ. ಈಗ ಫೋನ್ ಮಾಡಿದರೆ "ಹವಾಮಾನ ವೈಪರೀತ್ಯ ಸಾರ್" ಅನ್ನುತ್ತಾರೆ. ಬಿದ್ದಿರೋದು ಮಾತ್ರ ಅದೇ ಸಿಲ್ವರ್ ಓಕ್. ಮೂರು ವರ್ಷದಿಂದ ಲೈನ್ ಕಡೆಗೇ ವಾಲಿಕೊಂಡಿತ್ತು. ಎರಡು ಅರ್ಜಿ ಕೊಟ್ಟಿದ್ದೆವು. ಪಾಪ, ಉತ್ತರ ಕಾದು ಕಾದು ಅದೇ ಮಲಗಿತು.

ಮಲೆನಾಡಲ್ಲಿ ಮಳೆ ಬರುತ್ತದೆ ಅನ್ನೋದು ಇವರಿಗೆ ಪ್ರತಿ ವರ್ಷವೂ ಹೊಸ ಸುದ್ದಿ. ಜೂನ್ 22ರ ಹೊತ್ತಿಗೆ ಆರಿದ್ರಾ ಮಳೆ ಅಂತ ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. 2019ರ ಆಗಸ್ಟ್‌ನ ಹಾಗೆ ಗುಡ್ಡವೇ ಜಾರಿ ಬಂದರೆ ಯಾರೂ ಬೈಯಲ್ಲ ಬಿಡಿ. ನಾವು ಕೇಳ್ತಿರೋದು ಮಾಮೂಲಿ ಮಳೆಯ ಮಾತು.

ಬೇಸಿಗೆಗೂ ಕಾರಣ ಸಿದ್ಧ ಇದೆ. ಬಿಸಿಲಿಗೆ ಅಲ್ಯೂಮಿನಿಯಂ ತಂತಿ ಹಿಗ್ಗಿ ಜೋಲು ಬೀಳುತ್ತದೆ, ಜಾಸ್ತಿ ಲೋಡ್ ಹಾಕಲಾಗದು. ನಿಜವೇ. ಆದರೆ ನಮ್ಮ ಗದ್ದೆ ಮೇಲಿನ ತಂತಿ ಜನವರಿ ಚಳಿಯಲ್ಲೂ ಬಟ್ಟೆ ಒಣಹಾಕೋ ಹಗ್ಗದ ಹಾಗೇ ಇರುತ್ತದಲ್ಲ, ಅದಕ್ಕೆ ಯಾವ ಬಿಸಿಲು?

ಪರಿಸರ ದಿನದ ಫೋಟೊ ಕೂಡ ಬಂದಿತ್ತು. ಆರು ಜನ, ಒಂದು ನೇರಳೆ ಸಸಿ. ನೆಟ್ಟದ್ದು ಲೈನಿನ ನೇರ ಕೆಳಗೆ! ಐದು ವರ್ಷ ಬಿಟ್ಟು ಕಡಿಯುವ ಕೆಲಸವನ್ನೂ ಈಗಲೇ ನೆಟ್ಟಿದ್ದಾರೆ. ಇಂಥ ದೂರದೃಷ್ಟಿಗೆ ಕೈ ಮುಗಿಯಬೇಕು. ದೊಡ್ಡ ಸಬ್‌ಸ್ಟೇಷನ್‌ಗಳ ಬ್ರೇಕರ್‌ನಲ್ಲಿ, ಅಂದರೆ ಕರೆಂಟ್ ಕಡಿಯೋ ದೊಡ್ಡ ಸ್ವಿಚ್ಚಿನಲ್ಲಿ, ಎಸ್‌ಎಫ್ 6 ಅನ್ನೋ ಗ್ಯಾಸ್ ಇರುತ್ತದೆ. ಅದು ಒಂದು ಕೆ.ಜಿ. ಸೋರಿದರೆ, ಭೂಮಿ ಬಿಸಿ ಮಾಡೋದರಲ್ಲಿ ನೂರು ವರ್ಷದ ಲೆಕ್ಕಕ್ಕೆ ಸುಮಾರು 23,500 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಸೋರಿಕೆ ನೋಡೋ ಗೇಜ್ ಪಕ್ಕ ನಿಂತು ಯಾರೂ ಫೋಟೊ ತೆಗೆಸಿಕೊಳ್ಳಲ್ಲ. ಸಸಿ ಪಕ್ಕ ಮುಖ ಚೆನ್ನಾಗಿ ಬರುತ್ತೆ, ಅಲ್ವಾ?

ಇದನ್ನೆಲ್ಲ ಕೇಳಿದರೆ, "ನಮ್ಮದು ಸಬ್‌ಸ್ಟೇಷನ್ ತನಕ, ಆಮೇಲೆ ವಿತರಣೆಯವರದು" ಅನ್ನುತ್ತಾರೆ. ವಿತರಣೆಯವರು "ಮೇಲಿಂದಲೇ ಇಲ್ಲ" ಅನ್ನುತ್ತಾರೆ. 1902ರಲ್ಲೇ ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ನಮಗೆ ಸಬ್‌ಸ್ಟೇಷನ್ನಿಂದ ಒಂಬತ್ತೇ ಕಿಲೋಮೀಟರ್. ನಡುವೆ ಚಿನ್ನ ಇಲ್ಲ, ಅದೇ ತೊಂದರೆ ಇರಬೇಕು.

ಮೊನ್ನೆ ರಾತ್ರಿ ಎಂಟಕ್ಕೆ ಲೈನ್‌ಮನ್ ಬಂದ. ಈಗ ಅವನನ್ನು ಪವರ್‌ಮ್ಯಾನ್ ಅನ್ನಬೇಕಂತೆ. ಹೆಸರು ಬದಲಾಯಿಸಿದವರು ರೈನ್‌ಕೋಟ್ ಬದಲಾಯಿಸಿಲ್ಲ. ಬಲಗಡೆ ಹೆಗಲು ಹರಿದು, ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದ್ದುಕೊಂಡಿದ್ದ. ಕೈಯಲ್ಲಿ ಗ್ಲೌಸ್ ಇಲ್ಲ. ಕೊಂಬೆ ಎಳೆಯೋ ದೋಟಿ ಹೋದ ವಾರವೇ ಮುರಿದಿದೆ ಅಂದ. ಇಲ್ಲಿ ನನಗೆ ತಮಾಷೆ ಮಾಡಕ್ಕೆ ಆಗಲ್ಲ. ಇಡೀ ಭೂಮಿಯ ಹವಾಮಾನ ಎದುರಿಸ್ತೀವಿ ಅನ್ನೋರೇ, ಆ ಮಳೆಯಲ್ಲಿ ಕಂಬ ಹತ್ತೋನಿಗೆ ಒಂದು ಗ್ಲೌಸ್ ಕೊಡಿ ಮೊದಲು. ಅವನಿಗೂ ಮನೆ ಇದೆ, ಮಕ್ಕಳಿದ್ದಾರೆ.

"ಮೆಣಸು ಕೊಯ್ಯೋ ಏಣಿ ಇದ್ಯಾ ಸಾರ್?" ಅಂತ ಕೇಳಿದ. ತರಲು ಹೊರಟವನನ್ನು ಹಿಂದಿನಿಂದ ಕೂಗಿದ: "ಅಲ್ಯೂಮಿನಿಯಂದು ಬೇಡ, ಬಿದಿರಿಂದು ತನ್ನಿ."

ಹತ್ತೂವರೆಗೆ ಕರೆಂಟ್ ಬಂತು. ಏಣಿ ಇನ್ನೂ ವಾಪಸ್ ಬಂದಿಲ್ಲ. ಕೇಳುವ ಮನಸ್ಸೂ ಇಲ್ಲ, ಪುನರ್ವಸು ಮಳೆ ಬಾಕಿ ಇದೆ.