ಸತ್ಯಾಂಶ: ಕೆಂಪು ಲೈಟಿಗೆ ಕ್ಯಾನ್ಸರ್ ಗಡ್ಡೆ ಕರಗುತ್ತದೆಯೇ?

ಮನೆಯಲ್ಲೇ ಕೆಂಪು ಲೈಟ್ ಹಾಕಿಕೊಂಡು ಕೂತರೆ ಗಡ್ಡೆ ಕರಗುತ್ತದೆ, ಕೀಮೋ ಬೇಡ ಅನ್ನುವ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ತಪ್ಪು. ಮನೆಯವರಿಗೆ ಕಾಯಿಲೆ ಇದ್ದಾಗ ಇಂಥದ್ದನ್ನು ನಂಬೋಣ ಅನ್ನಿಸುವುದು ಸಹಜ, ಅಲ್ವಾ? ಕಳಿಸಿದವರ ಮೇಲೆ ಸಿಟ್ಟು ಬೇಡ.

ಬೆಳಕಿನ ಚಿಕಿತ್ಸೆ ಇರುವುದು ನಿಜ. ಗೊಂದಲ ಶುರುವಾಗುವುದೇ ಅಲ್ಲಿ. ಫೋಟೊಡೈನಾಮಿಕ್ ಥೆರಪಿ ಎಂಬ ಈ ಚಿಕಿತ್ಸೆಯಲ್ಲಿ ಬರೀ ಬೆಳಕಿನಿಂದ ಏನೂ ಆಗುವುದಿಲ್ಲ. ಉದಾಹರಣೆಗೆ, ಅನ್ನನಾಳದ ಕ್ಯಾನ್ಸರಿಗೆ ಪೋರ್ಫಿಮರ್ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸುಮಾರು ಎರಡು ದಿನ ಬಿಟ್ಟು, ಗಡ್ಡೆಯ ಹತ್ತಿರಕ್ಕೇ ಬೆಳಕು ಸಾಗಿಸುವ ತೆಳು ಫೈಬರ್ ಇಳಿಸಿ 630 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಬೆಳಕು ಬಿಡುತ್ತಾರೆ. ಆಗ ಔಷಧ ಚುರುಕಾಗಿ, ಅಲ್ಲಿನ ಆಮ್ಲಜನಕ ಬಳಸಿಕೊಂಡು ಜೀವಕೋಶಗಳನ್ನು ಕೊಲ್ಲುತ್ತದೆ. ಈ ಬೆಳಕು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗುವುದು ಕಷ್ಟ. ಮೈಯೆಲ್ಲ ಹರಡಿದ ಕ್ಯಾನ್ಸರಿಗೆ ಇದು ಸಾಲದು. ಔಷಧ ತಗೊಂಡವರು ಕನಿಷ್ಠ 30 ದಿನ ಬಿಸಿಲಿನಿಂದ ದೂರ ಇರಬೇಕು, ಇಲ್ಲದಿದ್ದರೆ ಚರ್ಮ ಸುಡುತ್ತದೆ.

ಚಿನ್ನದ ನ್ಯಾನೊ (ಅತಿ ಸೂಕ್ಷ್ಮ) ಕಣಗಳನ್ನು ಬೆಳಕಿನಿಂದ ಬಿಸಿ ಮಾಡಿ, ಆ ಬಿಸಿಗೇ ಔಷಧ ಬಿಡುಗಡೆಯಾಗುವ ಜೋಡಿ ವಿಧಾನ ನಿಜಕ್ಕೂ ಆಸೆ ಹುಟ್ಟಿಸುತ್ತದೆ. ಆದರೆ ಅದರ ಪ್ರಯೋಗಗಳು ಹೆಚ್ಚಾಗಿ ಇಲಿಗಳ ಮೇಲೆ, ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನಡೆದಿವೆ.

ಮೆಸೇಜಿನಲ್ಲಿ ಔಷಧದ ಹೆಸರು ಇದೆಯಾ ನೋಡಿ. ಯಾವ ಕ್ಯಾನ್ಸರ್, ಯಾವ ಹಂತ ಅಂತ ಹೇಳಿದ್ದಾರಾ? ಮೂಲ ಅಧ್ಯಯನದ ಸಾರಾಂಶ ಹುಡುಕಿದರೆ, ಪರೀಕ್ಷೆ ನಡೆದಿದ್ದು ಮನುಷ್ಯರ ಮೇಲೋ ಇಲಿಗಳ ಮೇಲೋ ಅಲ್ಲೇ ಗೊತ್ತಾಗುತ್ತದೆ. ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲಿನ ಪರೀಕ್ಷೆ) ನೋಂದಣಿ ವೆಬ್‌ಸೈಟ್‌ಗಳನ್ನು ಯಾರು ಬೇಕಾದರೂ ನೋಡಬಹುದು. ಕೀಮೋ ನಿಲ್ಲಿಸುವ ಯೋಚನೆ ಬಂದರೆ, ಮೊದಲು ಆ ಮೆಸೇಜನ್ನೇ ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಿ.